ಕಾಮಾಲೆ: ಕಂಡ ಹಳದಿ, ಕಾಣದ ಕಾವಲು

ಕಾಮಾಲೆಯ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬುದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿರುವ ಮಾತು. ರೋಗಿಯ ಕಣ್ಣಿನ ಸಂಗತಿ ಹಾಗಿರಲಿ. ಈ ರೋಗದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ತೋರಿದ್ದು ಬೇರೊಂದು. ರೋಗಿಯನ್ನು ನೋಡಿದವರ ಕಣ್ಣಿಗೂ ಬಹುಕಾಲ ಹಳದಿಯೊಂದೇ ಕಂಡಿತು. ಆ ಹಳದಿಯ ಹಿಂದೆ ದೇಹದ ಕಾವಲು ಸದ್ದಿಲ್ಲದೆ ಕುಸಿಯುತ್ತಿರುತ್ತದೆ ಎಂಬುದನ್ನು ಅರಿಯಲು, ಶಸ್ತ್ರವೈದ್ಯರು ಪಿತ್ತಕೋಶಕ್ಕೆ ಕೈಹಾಕಿದ ಮೇಲೂ ಸುಮಾರು ನೂರು ವರ್ಷ ಬೇಕಾಯಿತು. ನಾನು ವೈದ್ಯನಲ್ಲ, ಶಬ್ದಗಳ ಬೆನ್ನು ಹತ್ತಿ ಹೋಗುವುದು ನನ್ನ ಕಸುಬು. ಶಬ್ದದ ದಾರಿಯಿಂದಲೇ ನಾನು ಈ ವಿಷಯಕ್ಕೆ ಬಂದೆ. ಆ ದಾರಿಯಲ್ಲಿಯೇ ನಿಮ್ಮನ್ನೂ ಕರೆದೊಯ್ಯುತ್ತೇನೆ.

ಬೇರೆ ಬೇರೆ ಭಾಷೆಗಳು ಈ ರೋಗಕ್ಕೆ ಇಟ್ಟ ಹೆಸರುಗಳನ್ನು ನೋಡಿ. ನಮ್ಮವರು ಅರಿಶಿನ ಕಾಮಾಲೆ ಎಂದರು. ಇಂಗ್ಲಿಷಿನ ಜಾಂಡಿಸ್ ಎಂಬ ಪದಕ್ಕೆ ಹಳದಿ ಎಂಬರ್ಥದ ಫ್ರೆಂಚ್ ಮಾತು ಮೂಲ. ಗ್ರೀಕರು ಇಕ್ಟೆರಸ್ ಎಂದರು. ಅದೇ ಹೆಸರಿನ ಹಳದಿ ಹಕ್ಕಿಯೊಂದನ್ನು ರೋಗಿ ದಿಟ್ಟಿಸಿ ನೋಡಿದರೆ ರೋಗ ಹಕ್ಕಿಗೆ ದಾಟಿ ಮನುಷ್ಯ ಗುಣಹೊಂದುತ್ತಾನೆ ಎಂಬ ನಂಬಿಕೆ ಪ್ರಾಚೀನ ಯೂರೋಪಿನಲ್ಲಿತ್ತು. ಇದಕ್ಕೆ ತೀರ ಹತ್ತಿರವಾದ ಭಾವನೆ ನಮ್ಮ ಅಥರ್ವವೇದದ ಮೊದಲನೆಯ ಕಾಂಡದಲ್ಲಿಯೂ ಇದೆ. ಅಲ್ಲಿಯ ಒಂದು ಸೂಕ್ತ ರೋಗಿಯ ಹಳದಿಯನ್ನು ಗಿಳಿ ಮೊದಲಾದ ಪಕ್ಷಿಗಳಿಗೆ ವರ್ಗಾಯಿಸಿ, ಅವನಿಗೆ ಕೆಂಪು ಬಣ್ಣದ ಆರೋಗ್ಯವನ್ನು ಕೋರುತ್ತದೆ. ಪರಸ್ಪರ ಕಾಣದ ಎರಡು ಜನಾಂಗಗಳು ಒಂದೇ ಬಗೆಯಲ್ಲಿ ಯೋಚಿಸಿದವು: ಬಣ್ಣವೇ ರೋಗ; ಬಣ್ಣ ಹೋದರೆ ರೋಗ ಹೋಯಿತು. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ಇಪ್ಪತ್ತನೆಯ ಶತಮಾನದ ಅತ್ಯಂತ ಸುಶಿಕ್ಷಿತ ವೈದ್ಯರೂ ಒಂದು ಅರ್ಥದಲ್ಲಿ ಇದೇ ತರ್ಕಕ್ಕೆ ಒಲಿದಿದ್ದರು ಎಂಬುದನ್ನು ಮುಂದೆ ನೋಡಲಿದ್ದೇವೆ.

ಬಣ್ಣವನ್ನು ದಾಟಿ ಯೋಚಿಸಿದ ಒಂದು ಹಳೆಯ ಗ್ರಂಥ ನಮ್ಮಲ್ಲಿಯೇ ಇದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗವನ್ನು ಕುರಿತ ಅಧ್ಯಾಯದಲ್ಲಿ ಕಾಮಲಾ ರೋಗದ ವಿವೇಚನೆ ಬರುತ್ತದೆ. ಕಾಮಲೆಯಲ್ಲಿ ಒಂದು ವಿಶೇಷ ಬಗೆಯುಂಟೆಂದು ಗ್ರಂಥಕಾರ ಹೇಳುತ್ತಾನೆ. ಅದರಲ್ಲಿ ರೋಗಿಯ ಕಣ್ಣು, ಮೂತ್ರ, ಚರ್ಮ ಎಲ್ಲವೂ ಹಳದಿ. ಮಲ ಮಾತ್ರ ಅರೆದ ಎಳ್ಳಿನಂತೆ ಬಿಳುಪು. ಕಫದಿಂದ ಪಿತ್ತದ ಮಾರ್ಗ ಮುಚ್ಚಿಹೋಗಿರುವುದೇ ಇದಕ್ಕೆ ಕಾರಣವೆಂದು ಅವನ ನಿರ್ಣಯ. ಚಿಕಿತ್ಸೆಯನ್ನು ಎಲ್ಲಿಯವರೆಗೆ ನಡೆಸಬೇಕು? ಮೈಯ ಹಳದಿ ಇಳಿಯುವವರೆಗೆ ಎನ್ನುವುದಿಲ್ಲ; ಮಲಕ್ಕೆ ಮತ್ತೆ ಪಿತ್ತದ ಬಣ್ಣ ಬರುವವರೆಗೆ ಎನ್ನುತ್ತಾನೆ. ಎಂದರೆ ಪಿತ್ತ ಇರಬಾರದ ಕಡೆ ಇರುವುದು ಎಷ್ಟು ಮುಖ್ಯವೋ, ಇರಬೇಕಾದ ಕಡೆ ಇಲ್ಲದಿರುವುದೂ ಅಷ್ಟೇ ಮುಖ್ಯ. ಚರಕನಿಗೆ ಇಂದಿನ ಶಾರೀರಶಾಸ್ತ್ರ ತಿಳಿದಿತ್ತೆಂದು ಸಾಧಿಸುವ ಉತ್ಸಾಹ ನನಗಿಲ್ಲ. ಅವನ ಪಿತ್ತ, ಕಫಗಳು ಇಂದಿನ ಪ್ರಯೋಗಾಲಯದ ಪದಾರ್ಥಗಳಲ್ಲ. ಆದರೆ ಅವನು ಕೇಳಿಕೊಂಡ ಪ್ರಶ್ನೆ ಸರಿಯಾದ ಪ್ರಶ್ನೆ. ಆ ಪ್ರಶ್ನೆಯನ್ನು ಕೈದೀಪವಾಗಿ ಹಿಡಿದುಕೊಂಡರೆ ಮುಂದಿನ ಚರಿತ್ರೆಯ ಹಾದಿ ಸ್ಪಷ್ಟವಾಗುತ್ತದೆ.

ಈಗ ರೋಗದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಪಿತ್ತಜನಕಾಂಗ ಹಗಲಿರುಳು ಪಿತ್ತರಸವನ್ನು ಸ್ರವಿಸುತ್ತದೆ. ಅದು ಪಿತ್ತನಾಳದ ಮೂಲಕ ಇಳಿದು, ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾದು, ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಈ ದಾರಿಯಲ್ಲಿ ಪಿತ್ತಕೋಶದಿಂದ ಜಾರಿದ ಕಲ್ಲು ಸಿಕ್ಕಿಕೊಳ್ಳಬಹುದು. ಇಲ್ಲವೆ ಗಡ್ಡೆಯೊಂದು ಬೆಳೆದು ನಾಳವನ್ನು ಅಮುಕಬಹುದು. ಆಗ ಹರಿಯಬೇಕಾದ ರಸ ಹಿಂದಕ್ಕೆ ತಳ್ಳಲ್ಪಟ್ಟು ರಕ್ತಕ್ಕೆ ಸೇರುತ್ತದೆ. ಅದರಲ್ಲಿರುವ ಬಿಲಿರುಬಿನ್ ಎಂಬ ಬಣ್ಣದ ವಸ್ತು ಕಣ್ಣಿಗೂ ಚರ್ಮಕ್ಕೂ ಹಳದಿಯನ್ನು ಬಳಿಯುತ್ತದೆ. ಇದೇ ತಡೆಯಿಂದ ಹುಟ್ಟುವ ಕಾಮಾಲೆ. ಸೋಂಕಿನಿಂದ ಪಿತ್ತಜನಕಾಂಗವೇ ಉರಿಗೊಂಡು ಬರುವ ಕಾಮಾಲೆ ಬೇರೆ, ಇದು ಬೇರೆ. ಅದು ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ; ಇಲ್ಲಿ ತಡೆ ತೆಗೆಯದೆ ಬಿಡುಗಡೆಯಿಲ್ಲ.

ತಡೆ ಇದ್ದರೆ ತೆಗೆಯಬೇಕು ಎಂಬ ವಿಚಾರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಯರೂಪಕ್ಕೆ ಬಂತು. ಅರಿವಳಿಕೆ ಬಂದಿತ್ತು, ಗಾಯ ಕೀಯಾಗದಂತೆ ನೋಡಿಕೊಳ್ಳುವ ಕ್ರಮ ಬಂದಿತ್ತು. ೧೮೮೨ರ ಜುಲೈ ೧೫ರಂದು ಬರ್ಲಿನ್ ನಗರದ ಲಾಜರಸ್ ಆಸ್ಪತ್ರೆಯಲ್ಲಿ ಕಾರ್ಲ್ ಲಾಂಗೆನ್‌ಬುಕ್ ಎಂಬ ಶಸ್ತ್ರವೈದ್ಯರು ೪೩ ವರ್ಷದ ರೋಗಿಯೊಬ್ಬರ ಪಿತ್ತಕೋಶವನ್ನು ಪೂರ್ತಿಯಾಗಿ ತೆಗೆದುಹಾಕಿದರು. ಲೋಕದಲ್ಲಿ ಅದೇ ಮೊದಲು. ಕಲ್ಲನ್ನು ಮಾತ್ರ ತೆಗೆದರೆ ಸಾಲದು, ಕಲ್ಲು ಹುಟ್ಟುವ ಮನೆಯನ್ನೇ ತೆಗೆಯಬೇಕೆಂಬುದು ಅವರ ವಾದ. ಅದಕ್ಕಾಗಿ ಅವರು ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿದ್ದರು. ರೋಗಿ ಬದುಕಿದ. ೧೮೯೦ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಲುಡ್ವಿಗ್ ಕೂರ್ವಾಸಿಯೆ ಪಿತ್ತನಾಳ ಮುಚ್ಚಿಹೋದ ೧೮೭ ಪ್ರಕರಣಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕಲ್ಲಿನಿಂದ ನಾಳ ಕಟ್ಟಿದಾಗ ಪಿತ್ತಕೋಶ ಹಿಗ್ಗುವುದು ಅಪರೂಪ, ಬೇರೆ ಕಾರಣಗಳಿಂದ ಕಟ್ಟಿದಾಗ ಹಿಗ್ಗುವುದು ಸಾಮಾನ್ಯ ಎಂದು ಅವರು ಕಂಡುಕೊಂಡರು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಅವರ ಹೆಸರಿನಲ್ಲಿಯೇ ಈ ನಿಯಮವನ್ನು ಕಲಿಯುತ್ತಾರೆ. ೧೯೦೯ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಇನ್ನೂ ಮುಂದೆ ಹೋಗಿ, ಪಿತ್ತನಾಳದ ಬಾಯಿಯಲ್ಲಿದ್ದ ಗಡ್ಡೆಯನ್ನು ಮೇದೋಜೀರಕ ಗ್ರಂಥಿಯ ಒಂದು ಭಾಗದ ಸಮೇತ ಕತ್ತರಿಸಿ ತೆಗೆದರು.

ಹೀಗೆ ಕೈಚಳಕ ಬೆಳೆಯಿತು. ಆದರೂ ಒಂದು ಭಯ ಶಸ್ತ್ರವೈದ್ಯರನ್ನು ಬಿಡಲಿಲ್ಲ. ಮೈ ಹಳದಿಯಾದವನ ಹೊಟ್ಟೆ ಕುಯ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಕತ್ತಿ ತನ್ನ ಕೆಲಸವನ್ನು ತಪ್ಪಿಲ್ಲದೆ ಮುಗಿಸಿದರೂ, ಒಂದೆರಡು ದಿನಗಳ ಮೇಲೆ ಗಾಯದ ಅಂಚಿನಿಂದ ಜಿನುಗುವ ನೆತ್ತರು ರೋಗಿಯನ್ನು ಕೊಂಡೊಯ್ಯುತ್ತಿತ್ತು. ರಕ್ತದಲ್ಲಿ ಬೆರೆತ ಪಿತ್ತವೇ ಅದನ್ನು ಹೆಪ್ಪುಗಟ್ಟದಂತೆ ಮಾಡುತ್ತದೆಂದು ಭಾವಿಸಿದವರುಂಟು. ನೋಡಿ, ಮತ್ತೆ ದೃಷ್ಟಿಯೆಲ್ಲ ಇರಬಾರದ ಕಡೆ ಇರುವ ಪಿತ್ತದ ಮೇಲೆ. ನ್ಯೂಯಾರ್ಕಿನ ಅಲೆನ್ ವಿಪಲ್ ೧೯೩೫ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಸಿದ್ಧ ಶಸ್ತ್ರಕ್ರಿಯೆಯನ್ನು ಎರಡು ಕಂತುಗಳಲ್ಲಿ ಮಾಡಿದ್ದಕ್ಕೆ ಈ ಭಯವೂ ಒಂದು ಕಾರಣ. ಮೊದಲ ಕಂತಿನಲ್ಲಿ ಪಿತ್ತರಸಕ್ಕೆ ಬದಲಿ ದಾರಿ ಮಾಡಿಕೊಟ್ಟು ಹೊಟ್ಟೆ ಹೊಲಿಯುವುದು. ಕೆಲವು ವಾರ ಕಾದು, ರೋಗಿ ಚೇತರಿಸಿಕೊಂಡ ಮೇಲೆ ಗಡ್ಡೆಯನ್ನು ತೆಗೆಯುವುದು.

ಆ ನೆತ್ತರಿನ ಒಗಟು ಬಿಡಿಸಿದ್ದು ಶಸ್ತ್ರವೈದ್ಯರಲ್ಲ, ಕೋಳಿಮರಿಗಳು. ಕೋಪನ್‌ಹೇಗನ್ನಿನಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಕೊಬ್ಬಿಲ್ಲದ ಆಹಾರ ಕೊಟ್ಟು ಸಾಕಿದ ಕೋಳಿಮರಿಗಳ ಮೈಯೊಳಗೆ ರಕ್ತ ಸೋರುತ್ತಿದ್ದುದನ್ನು ೧೯೨೯ರಲ್ಲಿ ವರದಿ ಮಾಡಿದರು. ಕೊಬ್ಬಿನಲ್ಲಿ ಕರಗುವ ಯಾವುದೋ ಒಂದು ಜೀವಸತ್ತ್ವದ ಕೊರತೆಯೇ ಇದಕ್ಕೆ ಕಾರಣವೆಂದು ನಿಶ್ಚಯಿಸಿ, ೧೯೩೫ರಲ್ಲಿ ಅದಕ್ಕೆ ‘ಕೆ’ ಎಂದು ಹೆಸರಿಟ್ಟರು. ಡೇನಿಷ್, ಜರ್ಮನ್ ಭಾಷೆಗಳಲ್ಲಿ ಹೆಪ್ಪುಗಟ್ಟುವಿಕೆಯನ್ನು ಸೂಚಿಸುವ ಪದದ ಮೊದಲ ಅಕ್ಷರ ಅದು. ಡಾಮ್ ಅವರಿಗೂ, ಆ ಜೀವಸತ್ತ್ವದ ರಾಸಾಯನಿಕ ಸ್ವರೂಪವನ್ನು ನಿರ್ಧರಿಸಿದ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ ೧೯೪೩ರ ಸಾಲಿನ ನೊಬೆಲ್ ಬಹುಮಾನ ಸಂದಿತು. ಕೊಬ್ಬಿನಲ್ಲಿ ಕರಗುವ ವಸ್ತು ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಪಿತ್ತರಸ ಬೇಕು. ನಾಳ ಮುಚ್ಚಿದವನ ಕರುಳಿನಲ್ಲಿ ಪಿತ್ತವಿಲ್ಲ. ಆದುದರಿಂದ ಅವನ ಊಟದಲ್ಲಿ ಈ ಜೀವಸತ್ತ್ವವಿದ್ದರೂ ಮೈಗೆ ಹತ್ತುವುದಿಲ್ಲ. ಅದಿಲ್ಲದೆ ಪಿತ್ತಜನಕಾಂಗ ಹೆಪ್ಪುಗಟ್ಟಿಸುವ ವಸ್ತುಗಳನ್ನು ಸಿದ್ಧಪಡಿಸಲಾರದು. ೧೯೩೮ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಇಂಥ ರೋಗಿಗಳಿಗೆ ಜೀವಸತ್ತ್ವ ಕೆಯನ್ನು ಪಿತ್ತದೊಡನೆ ಕೂಡಿಸಿ ಕೊಟ್ಟು ರಕ್ತಸ್ರಾವವನ್ನು ತಡೆದರು. ವಿಪಲ್ ಅವರೇ ೧೯೪೦ರಲ್ಲಿ ತಮ್ಮ ಶಸ್ತ್ರಕ್ರಿಯೆಯನ್ನು ಒಂದೇ ಕಂತಿನಲ್ಲಿ ಮುಗಿಸಿ ತೋರಿಸಿದರು. ಹೊಸ ಜೀವಸತ್ತ್ವ ಆ ಮಾರ್ಗವನ್ನು ಇತರರಿಗೂ ಸುಗಮಗೊಳಿಸಿತು. ಜೀವ ತೆಗೆಯುತ್ತಿದ್ದುದು ರಕ್ತದಲ್ಲಿದ್ದ ಪಿತ್ತವಲ್ಲ, ಕರುಳಿನಲ್ಲಿ ಇಲ್ಲದ ಪಿತ್ತ. ಚರಕನ ಪ್ರಶ್ನೆಗೆ ಇದು ಆಧುನಿಕ ಕಾಲದಲ್ಲಿ ದೊರೆತ ಮೊದಲ ಉತ್ತರವೆನ್ನಬಹುದು.

ನೆತ್ತರಿನ ಭಯ ನೀಗಿದ ಮೇಲೆ ಕಾಮಾಲೆಯ ರೋಗಿ ನಿರಾತಂಕವಾಗಿ ಶಸ್ತ್ರಕ್ರಿಯೆಯನ್ನು ದಾಟಬೇಕಾಗಿತ್ತು. ಹಾಗಾಗಲಿಲ್ಲ. ಒಂದು ಶತ್ರು ಹಿಂದೆ ಸರಿದಾಗ ಅದರ ನೆರಳಿನಲ್ಲಿ ನಿಂತಿದ್ದ ಇನ್ನಿಬ್ಬರು ಕಾಣಿಸಿಕೊಂಡರು. ಕೆಲವರಿಗೆ ಶಸ್ತ್ರಕ್ರಿಯೆಯಾದ ಮರುದಿನದಿಂದಲೇ ಮೂತ್ರ ಕಡಮೆಯಾಗಿ ಮೂತ್ರಪಿಂಡಗಳು ಸೋಲುತ್ತಿದ್ದವು. ಲಂಡನ್ನಿನ ಡಾಸನ್ ೧೯೬೦ರ ದಶಕದಲ್ಲಿ ಇದನ್ನು ವಿಶೇಷವಾಗಿ ಅಭ್ಯಾಸ ಮಾಡಿದರು. ಇನ್ನು ಕೆಲವರಿಗೆ ಗಾಯ ಮಾಯುತ್ತಿರಲಿಲ್ಲ; ಹೊಟ್ಟೆಯೊಳಗೆ ಕೀವು ಕಟ್ಟುತ್ತಿತ್ತು; ನಂಜು ರಕ್ತಕ್ಕೇರುತ್ತಿತ್ತು. ಅದೇ ಕೈ, ಅದೇ ಕತ್ತಿ, ಅದೇ ಶುಚಿತ್ವ. ಆದರೂ ಮೈ ಹಳದಿಯಾಗಿದ್ದವರಿಗೆ ಮಾತ್ರ ಈ ಗತಿ ಏಕೆ ಹೆಚ್ಚಾಗಿ ಬರಬೇಕು? ರೋಗವನ್ನು ಎದುರಿಸುವ ದೇಹದ ಸ್ವಂತ ಶಕ್ತಿಯೇ ಕುಗ್ಗಿದೆಯೆ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಆ ಶಕ್ತಿ ಎಲ್ಲಿ ನೆಲೆಸಿದೆ ಎಂಬುದು ಮೊದಲು ತಿಳಿಯಬೇಕಾಗಿತ್ತು.

ಅದನ್ನು ತಿಳಿಸುವ ಎರಡು ಸಂಶೋಧನೆಗಳು ಲಾಂಗೆನ್‌ಬುಕ್ ಅವರ ಕಾಲದಲ್ಲಿಯೇ ನಡೆದಿದ್ದವು. ೧೮೭೬ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಫಾನ್ ಕುಪ್‌ಫರ್ ಪಿತ್ತಜನಕಾಂಗದಲ್ಲಿ ನರತಂತುಗಳನ್ನು ಹುಡುಕುತ್ತ, ಚಿನ್ನದ ಲವಣದಿಂದ ಬಣ್ಣಗಟ್ಟಿದ ತೆಳು ಚೂರುಗಳಲ್ಲಿ ನಕ್ಷತ್ರದಾಕಾರದ ಕೋಶಗಳನ್ನು ಕಂಡರು. ಅವು ನಿಜವಾಗಿ ಏನೆಂಬುದು ಸ್ಪಷ್ಟವಾಗಲು ದಶಕಗಳು ಹಿಡಿದವು. ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನಾ ಪಟ್ಟಣದಲ್ಲಿ ರಷ್ಯದ ಇಲ್ಯಾ ಮೆಚ್‌ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಗುಲಾಬಿಯ ಮುಳ್ಳು ಚುಚ್ಚಿ ನೋಡಿದರು. ಮರುದಿನ ಸಂಚಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದುದನ್ನು ನುಂಗಿ ಜೀರ್ಣಿಸಿಕೊಳ್ಳುವ ಕೋಶಗಳೇ ದೇಹದ ಕಾವಲುಗಾರರು ಎಂದು ಅವರು ಸಾರಿದರು. ೧೯೦೮ರಲ್ಲಿ ಪೌಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಕುಪ್‌ಫರ್ ಅಂದು ಕಂಡ ನಕ್ಷತ್ರದಾಕಾರದ ಕೋಶಗಳು ಬೇರೆ ಬಗೆಯವಾದರೂ, ಇಂದು ಅವರ ಹೆಸರು ಹೊತ್ತಿರುವ ಪಿತ್ತಜನಕಾಂಗದ ಕೋಶಗಳು ಇಂಥ ಭಕ್ಷಕ ಕೋಶಗಳೇ ಎಂಬುದು ಈಗ ಸಿದ್ಧವಾಗಿರುವ ಸಂಗತಿ. ಅಷ್ಟೇ ಅಲ್ಲ, ದೇಹದಲ್ಲಿ ಒಂದೆಡೆ ನೆಲೆನಿಂತು ಕೆಲಸ ಮಾಡುವ ಭಕ್ಷಕ ಕೋಶಗಳಲ್ಲಿ ಶೇಕಡ ೮೦ರಿಂದ ೯೦ರಷ್ಟು ಪಿತ್ತಜನಕಾಂಗದಲ್ಲಿಯೇ ಇವೆ.

ಇಷ್ಟು ದೊಡ್ಡ ಸೈನ್ಯ ಅಲ್ಲೇ ಏಕೆ ಬೀಡುಬಿಟ್ಟಿದೆ ಎಂಬುದಕ್ಕೂ ಕಾರಣವುಂಟು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಪಿತ್ತಜನಕಾಂಗವನ್ನು ಹಾದು ಹೋಗಬೇಕು. ಕರುಳೆಂಬುದು ಅಸಂಖ್ಯ ಸೂಕ್ಷ್ಮಾಣುಗಳ ಊರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಸೂಕ್ಷ್ಮಾಣುವನ್ನೂ ನಂಜನ್ನೂ ಈ ಸುಂಕದ ಕಟ್ಟೆಯಲ್ಲಿ ಹಿಡಿದು ನಿಲ್ಲಿಸುವುದೇ ಕುಪ್‌ಫರ್ ಕೋಶಗಳ ಕೆಲಸ. ಆ ನಂಜಿನ ಪೈಕಿ ಮುಖ್ಯವಾದುದು, ಸೂಕ್ಷ್ಮಾಣುಗಳ ಹೊರಕವಚದ ಭಾಗವೇ ಆಗಿರುವ ಒಂದು ಬಗೆಯ ವಿಷ. ರಾಬರ್ಟ್ ಕಾಖ್ ಅವರ ಶಿಷ್ಯ ರಿಚರ್ಡ್ ಫೈಫರ್ ೧೮೯೨ರಲ್ಲಿ ಅದನ್ನು ಎಂಡೊಟಾಕ್ಸಿನ್ ಎಂದು ಕರೆದರು. ನಾವು ಒಳನಂಜು ಎನ್ನೋಣ.

ಎಳೆಗಳು ಒಂದುಗೂಡಿದ್ದು ೧೯೭೦ರ ದಶಕದಲ್ಲಿ. ಕಾಮಾಲೆಯ ರೋಗಿಗಳಲ್ಲಿ ಮೂತ್ರಪಿಂಡಗಳು ಸೋಲುವುದಕ್ಕೂ ಒಳನಂಜಿಗೂ ನಂಟಿರಬೇಕೆಂದು ಇಂಗ್ಲೆಂಡಿನ ವೈದ್ಯರು ೧೯೭೦ರಲ್ಲಿ ಸೂಚಿಸಿದರು. ೧೯೭೬ರಲ್ಲಿ ಬೈಲಿ ಎಂಬ ಶಸ್ತ್ರವೈದ್ಯರು ಒಳನಂಜು, ಪಿತ್ತಲವಣ ಮತ್ತು ಮೂತ್ರಪಿಂಡ ಈ ಮೂರರ ಸಂಬಂಧವನ್ನು ಒಟ್ಟಿಗೆ ಪರಿಶೀಲಿಸಿದರು. ಪಿತ್ತರಸದಲ್ಲಿರುವ ಲವಣಗಳು ಬರಿಯ ಕೊಬ್ಬು ಕರಗಿಸುವ ಸಾಬೂನಲ್ಲ. ಅವು ಕರುಳಿನಲ್ಲಿ ಒಳನಂಜಿನ ಹಲ್ಲು ಮುರಿಯುತ್ತವೆ, ಸೂಕ್ಷ್ಮಾಣುಗಳ ಅತಿವೃದ್ಧಿಯನ್ನು ತಡೆಯುತ್ತವೆ, ಕರುಳಿನ ಒಳಗೋಡೆಯನ್ನು ಭದ್ರವಾಗಿ ಇರಿಸುತ್ತವೆ. ಪಿತ್ತ ಬಾರದಿದ್ದರೆ ಸೂಕ್ಷ್ಮಾಣುಗಳು ಮಿತಿಮೀರುತ್ತವೆ, ಗೋಡೆ ಸಡಿಲವಾಗುತ್ತದೆ, ಒಳನಂಜು ರಕ್ತಕ್ಕೆ ನುಸುಳುತ್ತದೆ. ಪಿತ್ತಾಮ್ಲಗಳು ಕರುಳಿನ ಕೋಶಗಳಿಗೆ ಸಂಕೇತ ನೀಡಿ ರಕ್ಷಣಾ ಕಾರ್ಯವನ್ನು ಚುರುಕುಗೊಳಿಸುತ್ತವೆ ಎಂಬುದನ್ನು ೨೦೦೬ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿಕೊಟ್ಟವು. ಅಂದರೆ ಪಿತ್ತವೂ ಒಬ್ಬ ಕಾವಲುಗಾರನೇ.

ಊರಬಾಗಿಲಿನ ಕಾವಲು ಇಲ್ಲದಾಯಿತು; ಹೋಗಲಿ, ಕೋಟೆಯೊಳಗಿನ ಕಾವಲಾದರೂ ಗಟ್ಟಿಯಾಗಿದೆಯೆ? ಅದೂ ಇಲ್ಲ. ನಾಳ ಕಟ್ಟಿ ಪಿತ್ತ ತುಂಬಿಕೊಂಡ ಪಿತ್ತಜನಕಾಂಗದಲ್ಲಿ ಕುಪ್‌ಫರ್ ಕೋಶಗಳ ನುಂಗುವ ಸಾಮರ್ಥ್ಯ ಕುಗ್ಗುತ್ತದೆ. ವಿಚಿತ್ರವೆಂದರೆ, ನುಂಗುವುದರಲ್ಲಿ ಸೋತ ಕೋಶಗಳು ಕೂಗಾಡುವುದರಲ್ಲಿ ಮುಂದಾಗುತ್ತವೆ. ಉರಿಯೂತವನ್ನು ಪ್ರಚೋದಿಸುವ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಅವು ಅತಿಯಾಗಿ ಹೊರಬಿಡುತ್ತವೆ. ಕಳ್ಳನನ್ನು ಹಿಡಿಯಲಾರದ ಕಾವಲುಗಾರ ಊರೆಲ್ಲ ಬೊಬ್ಬೆಯಿಟ್ಟು ಜನರನ್ನು ಗಾಬರಿಪಡಿಸಿದಂತೆ. ರಕ್ತದಲ್ಲಿ ಸಂಚರಿಸುವ ಟಿ ಲಿಂಫೊಸೈಟುಗಳೆಂಬ ಬಿಳಿಯ ಕಣಗಳ ಪ್ರತಿಕ್ರಿಯೆಯೂ ಮಂದವಾಗುತ್ತದೆ. ಆರೋಗ್ಯವಂತನ ಚರ್ಮದಲ್ಲಿ ಪರಿಚಿತ ರೋಗಾಣುವಿನ ಸತ್ತ್ವವನ್ನು ಚುಚ್ಚಿದರೆ ಎರಡು ದಿನಗಳಲ್ಲಿ ಕೆಂಪು ಗಂಟು ಏಳುತ್ತದೆ. ಈ ರೋಗಿಗಳಲ್ಲಿ ಅನೇಕರ ಚರ್ಮ ಸುಮ್ಮನಿರುತ್ತದೆ. ಇದರ ಮೇಲೆ, ಹಸಿವಿಲ್ಲದೆ ಉಂಟಾದ ಪೋಷಣೆಯ ಕೊರತೆ. ಕಾಮಲಾ ಎಂಬ ಪದಕ್ಕೆ ಆಸೆಯನ್ನು, ವಿಶೇಷವಾಗಿ ಅನ್ನದ ಆಸೆಯನ್ನು, ಕಸಿದುಕೊಳ್ಳುವುದು ಎಂದು ಸಂಪ್ರದಾಯದವರು ಅರ್ಥ ಹೇಳುತ್ತಾರೆ. ಆ ಅರ್ಥ ಇಲ್ಲಿ ಅಕ್ಷರಶಃ ಸತ್ಯ. ಇಂಥ ಮೈಯ ಮೇಲೆ ಗಂಟೆಗಟ್ಟಲೆ ನಡೆಯುವ ದೊಡ್ಡ ಶಸ್ತ್ರಕ್ರಿಯೆಯೆಂದರೆ, ಕಾವಲಿಲ್ಲದ ಕೋಟೆಯ ಗೋಡೆಯನ್ನು ನಾವೇ ಒಡೆದು ತೆರೆದಂತೆ.

ಇಷ್ಟು ತಿಳಿದ ಮೇಲೆ ಪರಿಹಾರ ಸುಲಭವೆಂದು ತೋರಿತು. ಮೊದಲು ಪಿತ್ತವನ್ನು ಹೊರಕ್ಕೆ ಹರಿಸಿ ಹಳದಿಯನ್ನು ಇಳಿಸೋಣ. ರೋಗಿಯ ಶಕ್ತಿ ಮರಳಿದ ಮೇಲೆ ಶಸ್ತ್ರಕ್ರಿಯೆ ಮಾಡೋಣ. ವಿಪಲ್ ಅವರ ಎರಡು ಕಂತುಗಳ ವಿಚಾರವೇ ಹೊಸ ಉಡುಪಿನಲ್ಲಿ ಹಿಂದಿರುಗಿತು. ೧೯೭೪ರ ಹೊತ್ತಿಗೆ ಚರ್ಮದ ಮೂಲಕ ಪಿತ್ತಜನಕಾಂಗದೊಳಕ್ಕೆ ತೆಳುವಾದ ನಾಳಿಕೆಯನ್ನು ತೂರಿಸುವ ವಿಧಾನ ಬಂದಿತ್ತು. ಆ ದಶಕದ ಕೊನೆಯಲ್ಲಿ ಹ್ಯಾಂಬರ್ಗಿನ ಸೊಹೇಂದ್ರ, ಬಾಯಿಯ ಮೂಲಕ ಇಳಿಸಿದ ದರ್ಶಕಯಂತ್ರದ ನೆರವಿನಿಂದ ನಾಳದೊಳಗೇ ಕೊಳವೆಯನ್ನು ಇಡುವ ವಿಧಾನವನ್ನು ರೂಢಿಗೆ ತಂದರು. ಹಳದಿ ಇಳಿಯಿತು, ರೋಗಿಯ ಮನೆಯವರಿಗೆ ಸಮಾಧಾನ, ವೈದ್ಯರಿಗೂ ಸಮಾಧಾನ. ೧೯೭೮ರಲ್ಲಿ ಜಪಾನಿನಿಂದ ಬಂದ ವರದಿಯೊಂದು, ಹೀಗೆ ಮಾಡುವುದರಿಂದ ಶಸ್ತ್ರಕ್ರಿಯೆಯ ಸಾವುಗಳು ಕಡಮೆಯಾಗುತ್ತವೆಂದು ಹೇಳಿ ಉತ್ಸಾಹವನ್ನು ಹೆಚ್ಚಿಸಿತು.

ಆದರೆ ತರ್ಕಕ್ಕೆ ಒಪ್ಪಿದ್ದೆಲ್ಲ ದೇಹಕ್ಕೆ ಒಪ್ಪಬೇಕಾಗಿಲ್ಲ. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಿತ್ತ ಹರಿಸಿ, ಇನ್ನೊಂದಕ್ಕೆ ನೇರವಾಗಿ ಶಸ್ತ್ರಕ್ರಿಯೆ ಮಾಡಿ ಹೋಲಿಸಿ ನೋಡಿದವರಿಗೆ ಆ ಲಾಭ ಕಾಣಲಿಲ್ಲ. ೧೯೮೨ರಲ್ಲಿ ದಕ್ಷಿಣ ಆಫ್ರಿಕದಿಂದ, ೧೯೮೪ರಲ್ಲಿ ಲಂಡನ್ನಿನಿಂದ, ೧೯೮೫ರಲ್ಲಿ ಕ್ಯಾಲಿಫೋರ್ನಿಯದಿಂದ ಒಂದೇ ಬಗೆಯ ಉತ್ತರ ಬಂತು. ಕೊನೆಗೆ ನೆದರ್ಲೆಂಡ್ಸಿನ ಹಲವು ಆಸ್ಪತ್ರೆಗಳು ಕೂಡಿ, ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆಯಿಂದ ಕಾಮಾಲೆ ಬಂದ ಸುಮಾರು ೨೦೦ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ೨೦೧೦ರಲ್ಲಿ ಪ್ರಕಟವಾಯಿತು. ಒಂದು ವಾರದೊಳಗೆ ನೇರವಾಗಿ ಶಸ್ತ್ರಕ್ರಿಯೆಯಾದವರಲ್ಲಿ ಶೇಕಡ ೩೯ ಮಂದಿಗೆ ಗಂಭೀರ ತೊಡಕುಗಳು ಬಂದಿದ್ದವು. ನಾಲ್ಕರಿಂದ ಆರು ವಾರ ಪಿತ್ತ ಹರಿಸಿ ಆಮೇಲೆ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ಶೇಕಡ ೭೪ ಮಂದಿಗೆ. ರೋಗಿಯ ಹಿತಕ್ಕೆಂದೇ ಮಾಡಿದ ಸಿದ್ಧತೆ ಅವನಿಗೆ ಹೊರೆಯಾಗಿತ್ತು.

ಏಕೆ ಹೀಗಾಯಿತು? ನಾಳದಲ್ಲಿಟ್ಟ ಕೊಳವೆ ಪಿತ್ತಕ್ಕೆ ಇಳಿಯುವ ದಾರಿಯಾದಂತೆ ಕರುಳಿನ ಸೂಕ್ಷ್ಮಾಣುಗಳಿಗೆ ಏರುವ ಏಣಿಯೂ ಆಗುತ್ತದೆ. ಕೊಳವೆ ಕಟ್ಟಿಕೊಂಡರೆ ಪಿತ್ತನಾಳವೇ ಕೀವಿನ ಮಡುವಾಗುತ್ತದೆ. ಮತ್ತೊಂದು ಕಾರಣ ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರ. ಬಣ್ಣ ಇಳಿದ ಮಾತ್ರಕ್ಕೆ ಕಾವಲು ಮರಳುವುದಿಲ್ಲ. ಕುಗ್ಗಿದ ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳಲು ವಾರಗಳು ಬೇಕು; ಅದರ ಗತಿ ಹಳದಿಯ ಗತಿಗಿಂತ ನಿಧಾನ. ಮೇಲಾಗಿ, ಪಿತ್ತವನ್ನು ಮೈಯಿಂದ ಹೊರಗಿನ ಚೀಲಕ್ಕೆ ಹರಿಸಿದರೆ ರಕ್ತ ಶುದ್ಧವಾದೀತು, ಕರುಳು ಬರಿದಾಗಿಯೇ ಉಳಿಯುತ್ತದೆ. ಇಲಿಗಳಲ್ಲಿ ಎರಡು ಬಗೆಯನ್ನೂ ಪರೀಕ್ಷಿಸಿದಾಗ, ಪಿತ್ತವನ್ನು ಕರುಳಿಗೆ ಹಿಂದಿರುಗಿಸಿದ ಕ್ರಮದಲ್ಲಿ ರಕ್ಷಣಾಶಕ್ತಿ ಉತ್ತಮವಾಗಿ ಮರಳಿತು. ಹೊರಕ್ಕೆ ಹರಿಸಿದಾಗ ಅಷ್ಟು ಫಲ ದೊರೆಯಲಿಲ್ಲ. ಜಪಾನಿನ ನಗೋಯ ನಗರದ ವೈದ್ಯರು, ಹೊರಗೆ ಹರಿಸಿದ ಪಿತ್ತವನ್ನು ರೋಗಿಯ ಕರುಳಿಗೇ ಮರಳಿಸಿದರೆ ಕರುಳಿನ ಗೋಡೆಯ ಭದ್ರತೆ ಸುಧಾರಿಸುತ್ತದೆಂದು ೨೦೦೪ರಲ್ಲಿ ವರದಿ ಮಾಡಿದರು. ಪಿತ್ತವನ್ನು ಅದರ ಸ್ವಸ್ಥಾನಕ್ಕೆ ತರಬೇಕು ಎಂಬ ಮಾತನ್ನು ನಾವು ಎಲ್ಲಿಯೋ ಕೇಳಿದ್ದೇವಲ್ಲವೆ?

ಆದುದರಿಂದ ಇಂದು ವಿವೇಕಿಗಳಾದ ಶಸ್ತ್ರವೈದ್ಯರು ಹಳದಿಯಾದವರಿಗೆಲ್ಲ ಒಂದೇ ವಿಧಿಯನ್ನು ಅನ್ವಯಿಸುವುದಿಲ್ಲ. ಪಿತ್ತನಾಳದಲ್ಲಿ ಸೋಂಕು ಹತ್ತಿ ಚಳಿಜ್ವರ ಬಂದಿದ್ದರೆ, ಹಳದಿ ಅತಿಯಾಗಿ ಏರಿದ್ದರೆ, ಗಡ್ಡೆಗೆ ಮೊದಲು ಔಷಧದ ಚಿಕಿತ್ಸೆ ನಡೆಯಬೇಕಾಗಿ ಶಸ್ತ್ರಕ್ರಿಯೆ ತಡವಾಗುವುದಾದರೆ, ಪಿತ್ತಜನಕಾಂಗದ ದೊಡ್ಡ ಭಾಗವನ್ನೇ ತೆಗೆಯಬೇಕಾಗಿದ್ದರೆ, ಆಗ ಪಿತ್ತ ಹರಿಸುವುದನ್ನು ಯೋಚಿಸುತ್ತಾರೆ. ಉಳಿದವರಲ್ಲಿ ತಡಮಾಡದೆ ಮೂಲದ ತಡೆಯನ್ನು ತೆಗೆಯುವುದೇ ಮೇಲೆನ್ನುತ್ತಾರೆ. ಅದಕ್ಕೆ ಮೊದಲು ಜೀವಸತ್ತ್ವ ಕೆಯ ಚುಚ್ಚುಮದ್ದು, ಸಾಕಷ್ಟು ದ್ರವ, ಪೋಷಣೆ, ಸೋಂಕು ತಡೆಯುವ ಔಷಧ, ಇವಿಷ್ಟನ್ನೂ ಕ್ರಮವಾಗಿ ಒದಗಿಸುತ್ತಾರೆ. ಈ ಪಟ್ಟಿಯಲ್ಲಿ ಒಂದೊಂದು ಹೆಸರಿನ ಹಿಂದೆಯೂ ಕಾರಣ ತಿಳಿಯುವ ಮುನ್ನ ಪ್ರಾಣಬಿಟ್ಟ ಎಷ್ಟೋ ರೋಗಿಗಳಿದ್ದಾರೆ.

ಈ ಚರಿತ್ರೆ ದೂರದ ಆಸ್ಪತ್ರೆಗಳದ್ದಾದರೂ ಅದರ ನೀತಿ ನಮ್ಮ ಮನೆಬಾಗಿಲಿಗೆ ಸಂಬಂಧಿಸಿದ್ದು. ಕಾಮಾಲೆ ಎಂದೊಡನೆ ನೆಲನೆಲ್ಲಿಯ ರಸ ಕುಡಿಸಿ, ಪಥ್ಯ ಹಿಡಿಸಿ ಕಾಯುವ ರೂಢಿ ನಮ್ಮ ಹಳ್ಳಿಪಟ್ಟಣಗಳಲ್ಲಿ ಇಂದಿಗೂ ಇದೆ. ತಾನಾಗಿ ಇಳಿಯುವ ಕಾಮಾಲೆ ಇಳಿದಾಗ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಆ ಕೀರ್ತಿಯನ್ನು ನಂಬಿ ತಡೆಯ ಕಾಮಾಲೆಯ ರೋಗಿಯೂ ವಾರಗಟ್ಟಲೆ ಕಾಯುತ್ತಾನೆ. ಅವನು ಕಾಯುತ್ತಿರುವಾಗ ಗಡ್ಡೆ ಕಾಯುವುದಿಲ್ಲ, ಒಳನಂಜೂ ಕಾಯುವುದಿಲ್ಲ. ಕಣ್ಣು ಹಳದಿಯಾಗಿ, ಮೈ ತುರಿಸಿ, ಮೂತ್ರ ಕಪ್ಪಿಟ್ಟು, ಮಲ ಬಿಳುಪಾದರೆ ಅದು ದಾರಿ ಮುಚ್ಚಿದ ಸೂಚನೆ. ನೋವಿಲ್ಲವೆಂದು ಉದಾಸೀನ ಮಾಡಬಾರದು. ಗಡ್ಡೆಯಿಂದ ಬರುವ ಕಾಮಾಲೆ ಎಷ್ಟೋ ವೇಳೆ ನೋವಿಲ್ಲದೆಯೇ ಬರುತ್ತದೆ. ಅಂಥವರು ಅಂದೇ ವೈದ್ಯರನ್ನು ಕಾಣಬೇಕು.

ಮನುಷ್ಯ ಕಣ್ಣಿಗೆ ಬಿದ್ದುದನ್ನು ಮೊದಲು ಎಣಿಸುತ್ತಾನೆ. ಇಲ್ಲದಿರುವುದನ್ನು ಎಣಿಸಲು ಅವನಿಗೆ ಬಹುಕಾಲ ಬೇಕಾಗುತ್ತದೆ. ಹಳದಿಯನ್ನು ಹಕ್ಕಿಗೆ ದಾಟಿಸಲು ಹೊರಟವರಿಗೂ, ಚೀಲಕ್ಕೆ ಇಳಿಸಿ ತೃಪ್ತರಾದವರಿಗೂ ನಡುವೆ ವಿದ್ಯೆಯ ಅಂತರ ಅಪಾರ. ದೃಷ್ಟಿಯ ಅಂತರ ಅಷ್ಟಿರಲಿಲ್ಲ. ಎರಡನೆಯವರ ಹಿರಿಮೆ ಇರುವುದು ಬೇರೆಡೆ. ಅವರು ತಮ್ಮ ನಂಬಿಕೆಯನ್ನು ತಾವೇ ಪರೀಕ್ಷೆಗೆ ಒಡ್ಡಿದರು; ಉತ್ತರ ತಮಗೆ ವಿರುದ್ಧವಾಗಿ ಬಂದಾಗ ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ಕಾಮಾಲೆಯ ರೋಗಿ ಇಂದು ಶಸ್ತ್ರಕ್ರಿಯೆಯನ್ನು ದಾಟಿ ಮನೆಗೆ ಹಿಂದಿರುಗುತ್ತಿದ್ದರೆ, ಅದಕ್ಕೆ ಕತ್ತಿಯ ನೈಪುಣ್ಯ ಎಷ್ಟು ಕಾರಣವೋ ಈ ಪ್ರಾಮಾಣಿಕತೆಯೂ ಅಷ್ಟೇ ಕಾರಣ.